ಸಾಲಿನ ಕೊನೆಯ ಹುಡುಗಿಗೆ ಹೇಳಿದ ಮಾತು

ನಮ್ಮ ಸರ್ಕಾರಿ ಹೈಸ್ಕೂಲಿನ ಮುಂದಿನ ಗೋಡೆಯ ಮೇಲೆ ಗುಣಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಸತ್ಯ, ಶಿಸ್ತು, ಸಹನೆ, ಸೇವೆ. ಇಲಾಖೆಯವರು ಬರೆಸಿ ಅಂದರು, ನಾವು ಬರೆಸಿದೆವು. ಮಕ್ಕಳಿಗೆ ಆ ಗೋಡೆ ಒರಗಿ ನಿಲ್ಲುವುದಕ್ಕೆ ಬಹಳ ಅನುಕೂಲ. ಶಿಸ್ತಿನ ಮೇಲೆ ಯಾವಾಗಲೂ ಎಣ್ಣೆತಲೆಯ ಒಂದು ಕಲೆ ಇರುತ್ತದೆ. ನಾನು ಲೆಕ್ಕದ ಟೀಚರ್. ಇಂಥ ಗೋಡೆಬರಹ ಕಂಡರೆ ನನಗೆ ಮೈ ಉರಿಯುತ್ತದೆ. ವರ್ಷಕ್ಕೊಮ್ಮೆ ‘ಮೌಲ್ಯ ಶಿಕ್ಷಣದ ಗುರಿಗಳು ಎಷ್ಟರಮಟ್ಟಿಗೆ ಈಡೇರಿವೆ’ ಅಂತ ಮೇಲಿನಿಂದ ಕೇಳುತ್ತಾರೆ. ಸಹನೆ ನೂರಕ್ಕೆ ಎಷ್ಟು ಬಂತು ಅಂತ ನಾನು ಎಲ್ಲಿಂದ ಲೆಕ್ಕ ಹಾಕಲಿ?

ಈ ವಿಷಯದಲ್ಲಿ ದೊಡ್ಡ ಟೀಚರ್ ನನ್ನ ಪಕ್ಷವೇ. ದೊಡ್ಡ ಟೀಚರ್ ಅಂದರೆ ನಮ್ಮ ಹೆಡ್ ಮೇಡಂ. ದೊಡ್ಡ ಅನ್ನುವುದು ಬರೀ ಹುದ್ದೆಗೆ. ಆಳು ನೋಡಿದರೆ ನನ್ನ ಭುಜದಿಂದ ಮೇಲಕ್ಕಿಲ್ಲ. ಒಂಬತ್ತನೇ ತರಗತಿಯ ಮಕ್ಕಳ ನಡುವೆ ನಿಂತರೆ ಎಲ್ಲಿದ್ದಾರೆ ಅಂತ ಹುಡುಕಬೇಕು. ದನಿಯೂ ಮೆತ್ತಗೆ. ಬೆತ್ತ ಹಿಡಿದವರಲ್ಲ. ಆದರೂ ಅವರು ವರಾಂಡದ ತುದಿಗೆ ಬಂದರೆಂದರೆ ಇಡೀ ತರಗತಿ ಗಪ್‌ಚಿಪ್ ಆಗುತ್ತಿತ್ತು. ಅದು ಹೆದರಿಕೆಯಿಂದಲ್ಲ, ಅವರು ಏನು ನೋಡಿಬಿಡುತ್ತಾರೋ ಎಂಬ ಕುತೂಹಲದಿಂದ.

ಅವರಿಗೆ ನೋಡುವ ಹುಚ್ಚು. ನಲ್ಲಿಯ ಹತ್ತಿರ ಯಾರು ಯಾರಿಗೆ ಜಾಗ ಬಿಡುತ್ತಾರೆ, ಸೈಕಲ್ ಬಿದ್ದರೆ ಯಾರು ಎತ್ತಿ ನಿಲ್ಲಿಸುತ್ತಾರೆ, ಹೊಸದಾಗಿ ಸೇರಿದವನ ಪಕ್ಕ ಮೊದಲು ಯಾರು ಕೂರುತ್ತಾರೆ, ಇದನ್ನೆಲ್ಲ ವರ್ಷವಿಡೀ ನೋಡುತ್ತಿದ್ದರು. ಹತ್ತನೇ ತರಗತಿಯ ಮಕ್ಕಳು ಶಾಲೆ ಬಿಡುವ ದಿನ ಅವರನ್ನು ಮೈದಾನದಲ್ಲಿ ಉದ್ದಕ್ಕೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಂದೆಯೂ ನಿಂತು, ಮನೆಯವರೆಲ್ಲ ಕೇಳುವ ಹಾಗೆ ಒಂದು ಮಾತು ಹೇಳುವುದು ಅವರು ಹಾಕಿದ ಪದ್ಧತಿ. ಅದರಲ್ಲಿ ಹಾರೈಕೆ, ಬುದ್ಧಿಮಾತು ಯಾವುದೂ ಇರುತ್ತಿರಲಿಲ್ಲ. ಆ ಮಗುವಿನಲ್ಲಿ ತಾವು ಕಣ್ಣಾರೆ ಕಂಡ ಒಂದು ಗುಣ, ಅಷ್ಟೇ. ಕಾಣದೇ ಇದ್ದದ್ದನ್ನು ಹೇಳುತ್ತಿರಲಿಲ್ಲ. ಒಮ್ಮೆ ನನ್ನ ಲೆಕ್ಕದಲ್ಲಿ ಸದಾ ಡುಮ್ಕಿ ಹೊಡೆಯುತ್ತಿದ್ದ ಒಬ್ಬ ಹುಡುಗನಿಗೆ, “ಆಟದಲ್ಲಿ ಗೆದ್ದ ದಿನಾನೂ ನೀನು ಸೋತವರ ಜೊತೆ ಮಾತಾಡ್ಕೊಂಡು ಮನೆಗೆ ಹೋಗ್ತೀಯ, ನಾನು ನೋಡಿದ್ದೀನಿ” ಅಂದರು. ಅವನ ಅಪ್ಪ, ಕಲ್ಲು ಒಡೆಯುವ ಭಾರೀ ಆಸಾಮಿ, ಮಗುವಿನ ಹಾಗೆ ಬಿಕ್ಕಿದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅದನ್ನು ತೋರಿಸಿಕೊಳ್ಳದೆ, “ಇಷ್ಟು ಹೊತ್ತು ಬಿಸಿಲಲ್ಲಿ ನಿಂತ್ರೆ ಎಲ್ರಿಗೂ ಕಣ್ಣೀರು ಬರುತ್ತೆ” ಅಂತ ಗೊಣಗಿದೆ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಅವರನ್ನೇ ಕೇಳಿದ್ದೆ. ಅವರು ಹುಡುಗಿಯಾಗಿದ್ದಾಗ ಓದಿನಲ್ಲಿ ಹಿಂದೆ, ಆಟದಲ್ಲೂ ಹಿಂದೆ. ಮನೆಯಲ್ಲಿ ಅಣ್ಣಂದಿರು ‘ಆಮೆ’ ಅಂತ ಕರೆಯುತ್ತಿದ್ದರಂತೆ. ಶಾಲೆ ಬಿಡುವಾಗ ಹೊಲಿಗೆ ಟೀಚರೊಬ್ಬರು ಬಾಗಿಲ ಹತ್ತಿರ ತಡೆದು, “ನಿನ್ನ ಹೊಲಿಗೆ ಏನೂ ಚೆನ್ನಾಗಿಲ್ಲ. ಆದ್ರೆ ತಪ್ಪಿದ ಹೊಲಿಗೇನ ಯಾರೂ ಹೇಳೋ ಮೊದಲೇ ನೀನೇ ಬಿಚ್ತೀಯ” ಅಂದರಂತೆ.

“ಆ ಒಂದು ಮಾತಿನ ಮೇಲೇ ನಾನು ಕಾಲೇಜು ಮುಗಿಸಿದ್ದು ಕಣೇ” ಅಂದರು ದೊಡ್ಡ ಟೀಚರ್. “ಗುಣ ಮಕ್ಕಳಲ್ಲಿ ಇದ್ದೇ ಇರುತ್ತೆ. ಯಾರೋ ಒಬ್ರು ‘ಅದು ನನಗೆ ಕಾಣಿಸ್ತು’ ಅನ್ನಬೇಕು. ಶಾಲೆ ಇರೋದು ಇನ್ಯಾತಕ್ಕೆ?”

“ಲೆಕ್ಕ ಕಲಿಸೋದಕ್ಕೆ” ಅಂದೆ ನಾನು. ನಕ್ಕರು.

ಮಾತುಗಳನ್ನು ಅವರು ಬರೆದುಕೊಳ್ಳುತ್ತಿರಲಿಲ್ಲ. ಚೀಟಿ ನೋಡಿ ಹೇಳಿದರೆ ಯಾವ ಮಗುವೂ ನಂಬುವುದಿಲ್ಲ ಅಂತ ಅವರ ವಾದ. ಮಕ್ಕಳು ಹಾಜರಿ ಕೂಗುವ ಕ್ರಮದಲ್ಲೇ ಸಾಲು ನಿಲ್ಲುತ್ತಿದ್ದುದರಿಂದ, ಅದೇ ಕ್ರಮದಲ್ಲಿ ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆ ಹತ್ತಿರ ಬಂತೆಂದರೆ ಮನೆಯಲ್ಲಿ ಒಲೆಯ ಮುಂದೆ, ಬಟ್ಟೆ ಮಡಿಸುವಾಗ, ಬಸ್ಸಿಗೆ ಕಾಯುವಾಗ ತುಟಿ ಪಿಟಿಪಿಟಿ ಅನ್ನುತ್ತಲೇ ಇರುತ್ತಿತ್ತು. ಅವರ ಯಜಮಾನರು ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವರು. ನಾನು ಹೋದಾಗಲೆಲ್ಲ ಸ್ಕ್ರೂಡ್ರೈವರ್ ಎತ್ತಿ ತೋರಿಸಿ, “ನೋಡಿ ಟೀಚರ್, ಊರ ಮಕ್ಕಳಿಗೆಲ್ಲ ಒಂದೊಂದು ಮಾತು. ಮದುವೆಯಾಗಿ ತಲೆ ಬೆಳ್ಳಗಾದ್ರೂ ನನ್ನ ಸರದಿ ಮಾತ್ರ ಬಂದಿಲ್ಲ” ಅನ್ನುತ್ತಿದ್ದರು. “ಇನ್ನೂ ನೋಡ್ತಾ ಇದ್ದೀನಿ, ಏನೂ ಕಾಣಿಸ್ತಿಲ್ಲ” ಅಂತ ಒಳಗಿನಿಂದ ಉತ್ತರ ಬರುತ್ತಿತ್ತು.

ಆ ವರ್ಷ ದೊಡ್ಡ ಟೀಚರಿಗೆ ಕೊನೆಯ ವರ್ಷ. ತಿಂಗಳು ಮುಗಿದರೆ ನಿವೃತ್ತಿ. ಆ ಕೊನೆಯ ವರ್ಷದ ಹತ್ತನೇ ತರಗತಿಯಲ್ಲಿ ಇಬ್ಬರು ಹುಡುಗಿಯರಿದ್ದರು. ಒಬ್ಬಳಿಗೆ ಪಟಾಕಿ ಅಂತ ಹೆಸರು ಬಿದ್ದಿತ್ತು, ಇನ್ನೊಬ್ಬಳಿಗೆ ತಿಜೋರಿ ಅಂತ.

ಪಟಾಕಿಯ ಕೈಗೆ ಕೊಟ್ಟ ವಸ್ತುವಿನ ಆಸೆ ಬಿಟ್ಟುಬಿಡಬೇಕು. ಲೈಬ್ರರಿ ಪುಸ್ತಕ ಬಸ್ಸಿನಲ್ಲಿ, ವಾಲಿಬಾಲು ಪಕ್ಕದ ಗೋದಾಮಿನ ಸೂರಿನ ಮೇಲೆ, ನನ್ನ ದೊಡ್ಡ ಕಂಪಾಸು ಎಲ್ಲಿದೆಯೋ ಇವತ್ತಿಗೂ ಗೊತ್ತಿಲ್ಲ. ಕದಿಯುವವಳಲ್ಲ, ಎಲ್ಲ ಎಲ್ಲೆಲ್ಲೋ ಬಿಟ್ಟು ಬರುತ್ತಿದ್ದಳು. ಆದರೆ ಬಾಯಿ ಮಾತ್ರ ಎಲ್ಲೂ ಬಿಟ್ಟು ಬಂದವಳಲ್ಲ. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ತರಗತಿಯಲ್ಲಿ, “ಶೌಚಾಲಯ ಎಲ್ಲ ಚೆನ್ನಾಗಿದೆಯೇನಮ್ಮಾ?” ಅಂತ ಕೇಳಿದರು. ಮಕ್ಕಳೆಲ್ಲ ನೆಲ ನೋಡಿದರು, ನಾವು ಟೀಚರುಗಳು ಸೂರು ನೋಡಿದೆವು. ಪಟಾಕಿ ಎದ್ದು ನಿಂತು, “ಇವತ್ತು ಚೆನ್ನಾಗಿದೆ ಸಾರ್. ನಿನ್ನೆ ತನಕ ನೀರೇ ಇರಲಿಲ್ಲ” ಅಂದಳು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವಳ ಮೇಲೆ ಹರಿಹಾಯ್ದರು. ದೊಡ್ಡ ಟೀಚರ್ ಮಾತ್ರ ಮುಖ ಕೆಂಪಗೆ ಮಾಡಿಕೊಂಡು ಹೋಗಿ ನೀರಿನ ಪೈಪು ಸರಿ ಮಾಡಿಸಿದರು.

ತಿಜೋರಿ ಇದಕ್ಕೆ ಪೂರ್ತಿ ತದ್ವಿರುದ್ಧ. ಪ್ರಯೋಗಾಲಯದ ಕೀ ಅವಳ ಹತ್ತಿರ, ಆಟದ ಸಾಮಾನಿನ ಪೆಟ್ಟಿಗೆಯ ಕೀ ಅವಳ ಹತ್ತಿರ, ಹುಡುಗಿಯರ ಗುಟ್ಟುಗಳೂ ಅವಳ ಹತ್ತಿರವೇ. ಮಾತು ಮಾತ್ರ ಅವಳ ಬಾಯಿಂದ ಹೊರಬೀಳಬೇಕಾದರೆ ಹರಸಾಹಸ ಮಾಡಬೇಕು. ಇಬ್ಬರೂ ಒಂದೇ ಎತ್ತರ, ಒಂದೇ ಥರದ ಎರಡು ಜಡೆ, ಜೊತೆಗೆ ಜೀವದ ಗೆಳತಿಯರು.

ಪಟಾಕಿಗೆ ಅಂತ ಇದ್ದದ್ದು ಅಜ್ಜಿ ಒಬ್ಬಳೇ. ಅಜ್ಜಿಗೆ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ: ಗುಂಡಿ, ದಾರ, ಜಿಪ್ಪು, ಹುಕ್ಕು, ಲೇಸು. ಅಂಗಡಿ ಎಂದರೆ ಅಜ್ಜಿಗೆ ಪ್ರಾಣ. ಮೊಮ್ಮಗಳನ್ನು ಗಲ್ಲಾದ ಹತ್ತಿರಕ್ಕೂ ಬಿಟ್ಟುಕೊಂಡವಳಲ್ಲ. “ಇವಳ ಕೈಗೆ ಕೊಟ್ರೆ ಸಂಜೆಯೊಳಗೆ ಅಂಗಡಿನೇ ಎಲ್ಲೋ ಬಿಟ್ಟು ಬರ್ತಾಳೆ” ಅಂತ ಗಿರಾಕಿಗಳ ಮುಂದೆಯೇ ಅನ್ನುತ್ತಿದ್ದಳು. ಅಜ್ಜಿಯ ಮಂಡಿ ಪೂರ್ತಿ ಹಾಳಾಗಿತ್ತು. ಆಪರೇಷನ್ ಆಗಲೇಬೇಕು ಅಂತ ಡಾಕ್ಟರು ಹೇಳಿ ಬಹಳ ಕಾಲವಾಗಿತ್ತು. ಅಂಗಡಿ ನೋಡಿಕೊಳ್ಳುವವರಿಲ್ಲ ಅಂತ ಮುಂದಕ್ಕೆ ಹಾಕುತ್ತಲೇ ಇದ್ದಳು.

ಶಾಲೆ ಬಿಡುವ ದಿನ ಅಜ್ಜಿ ಕೋಲೂರಿಕೊಂಡು ಬಂದಳು. ಗೇಟು ದಾಟುವಷ್ಟರಲ್ಲಿ ಕಾಲು ಸೋತು, ಅಲ್ಲೇ ಸಾಲಿನ ಕೊನೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಳು. ಪಟಾಕಿ ನಿಂತಿದ್ದು ಸಾಲಿನ ನಟ್ಟನಡುವೆ. ಅಜ್ಜಿಗೆ ಕಿವಿ ಮಂದ. ಅಲ್ಲಿಂದ ದೊಡ್ಡ ಟೀಚರ ಮೆತ್ತನೆಯ ದನಿ ಅವಳಿಗೆ ಕೇಳಿಸುವ ಮಾತೇ ಇಲ್ಲ. ಕೊನೆಯಲ್ಲಿ ನಿಂತಿದ್ದ ತಿಜೋರಿ ಅದನ್ನು ನೋಡಿದಳು. ಯಾರಿಗೂ ಹೇಳದೆ ನಡೆದು ಬಂದು, ಪಟಾಕಿಯ ತೋಳು ಹಿಡಿದು ಕೊನೆಗೆ ಕಳಿಸಿ, ತಾನು ಅವಳ ಜಾಗದಲ್ಲಿ ನಿಂತುಕೊಂಡಳು.

ದೊಡ್ಡ ಟೀಚರಿಗೆ ಇದು ಗೊತ್ತಾಗಲಿಲ್ಲ. ಅವತ್ತು ಬೆಳಗಿನಿಂದಲೇ ಅವರ ಕಣ್ಣು ತುಂಬಿ ತುಂಬಿ ಬರುತ್ತಿತ್ತು. ಕನ್ನಡಕ ಮಸುಕಾಗಿ ಮಸುಕಾಗಿ, ಕೊನೆಗೆ ಬೇಸತ್ತು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಎದುರಿಗೆ ಸೂರ್ಯ. ಬಾಯಿಪಾಠದ ಕ್ರಮವೊಂದನ್ನೇ ನೆಚ್ಚಿಕೊಂಡು ಒಬ್ಬೊಬ್ಬರ ಹೆಗಲ ಮೇಲೂ ಕೈಯಿಟ್ಟು ಹೇಳುತ್ತಾ ಬಂದರು. ನಡುವಿನ ಹುಡುಗಿಯ ಮುಂದೆ ನಿಂತು, “ಎಲ್ರೂ ಬಾಯಿ ಮುಚ್ಕೊಂಡಾಗ ನೀನೊಬ್ಬಳು ಬಾಯಿ ಬಿಡ್ತೀಯ. ಆ ಬಾಯಿ ಬೇಕು ಕಣಮ್ಮಾ, ಮುಚ್ಚಬೇಡ” ಅಂದರು. ಮೈದಾನಕ್ಕೆ ಮೈದಾನವೇ ಗೊಳ್ಳೆಂದಿತು. ತಿಜೋರಿ ಬಾಯಿ ಬಿಡುವುದೇ! ಪಟಾಕಿಯ ಮಾತಿಗೇ ನಗುತ್ತಿದ್ದಾರೆ ಅಂದುಕೊಂಡು ದೊಡ್ಡ ಟೀಚರ್ ಮುಂದೆ ಸರಿದರು. ನಾನು ಹಿಂದೆ ನೀರಿನ ಕೊಳಗದ ಹತ್ತಿರ ಲೋಟ ತೊಳೆಸುತ್ತಿದ್ದೆ. ಕೊನೆಯ ದಿನ ಅಂತ ತಮಾಷೆ ಮಾಡುತ್ತಿದ್ದಾರೆ ಅಂತ ನಾನೂ ನಕ್ಕೆ. ಆಮೇಲೆ ಸಾಲಿನ ಕೊನೆಯಲ್ಲಿ ಪಟಾಕಿ ನಿಂತಿರುವುದು ಕಣ್ಣಿಗೆ ಬಿತ್ತು. ಲೋಟ ಬಿಟ್ಟು, ಜನರ ನಡುವೆ ನುಗ್ಗಿಕೊಂಡು ಓಡಿದೆ. ನಾನು ಮುಟ್ಟುವಷ್ಟರಲ್ಲಿ ಅವರು ಪಟಾಕಿಯ ಹೆಗಲ ಮೇಲೆ ಕೈಯಿಟ್ಟು, “ನಿನ್ನ ಕೈಗೆ ಏನು ಒಪ್ಪಿಸಿದ್ರೂ ಅದು ಭದ್ರ. ಕಣ್ಮುಚ್ಚಿ ನಂಬಬಹುದು” ಅಂತ ಹೇಳಿ ಮುಗಿಸಿದ್ದರು.

ಈ ಸಲ ಯಾರೂ ನಗಲಿಲ್ಲ. ಅಜ್ಜಿ ಪಕ್ಕದವರ ತೋಳು ಜಗ್ಗಿ, “ಏನಂದ್ರು? ಏನಂದ್ರು?” ಅಂತ ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದಳು. ಕೇಳಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪಟಾಕಿ ಬಿಳಿಚಿಕೊಂಡು ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಆಫೀಸಿನಲ್ಲಿ ನಾನೇ ಹೇಳಿದೆ. ಹೇಳದೆ ಇರಬಹುದಿತ್ತೇನೋ. ಆದರೆ ಅವರ ಹತ್ತಿರ ಸುಮ್ಮನಿರುವುದು ನನ್ನ ಕೈಲಾಗುವುದಿಲ್ಲ. ದೊಡ್ಡ ಟೀಚರ್ ಮರುದಿನವೇ ತಿಜೋರಿಯನ್ನು ಕರೆಸಿ ಕ್ಷಮೆ ಕೇಳಿ, ಅವಳಿಗೆ ಸಲ್ಲಬೇಕಾದ ಮಾತನ್ನು ಅವಳಿಗೆ ಹೇಳಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ಬಾಗಿಲ ತನಕ ಹೋಗಿ ತಿರುಗಿದಳು. “ಮೇಡಂ, ಅವತ್ತು ಹೇಳಿದ್ದನ್ನೂ ಇಟ್ಕೊಳ್ಲಾ?” ಅಂದಳು. “ನೀನು ಮಾತಾಡು ಅಂತ ನನಗೆ ಯಾರೂ ಹೇಳಿರಲಿಲ್ಲ.” ಇಟ್ಟುಕೋ ತಾಯಿ ಅಂದರು ದೊಡ್ಡ ಟೀಚರ್.

ಪಟಾಕಿಯ ಮಾತನ್ನು ಸರಿಪಡಿಸಲು ಮಾತ್ರ ಅವರಿಗೆ ಮನಸ್ಸು ಬರಲಿಲ್ಲ. ಅಲ್ಲಿಗೆ ಮುಗಿಯಿತು ಅಂತ ನಾನು ನೆಮ್ಮದಿಯಾಗಿದ್ದೆ. ವಾರ ಕಳೆದಿರಬೇಕು, ರವಿಕೆಗೆ ಹುಕ್ಕು ತರಲು ಪೇಟೆಗೆ ಹೋದರೆ ಅಜ್ಜಿಯ ಅಂಗಡಿಯಲ್ಲಿ ಪಟಾಕಿ ಒಬ್ಬಳೇ! ಗಲ್ಲಾದ ಹಿಂದೆ ಕೂತು ಯಾರಿಗೋ ಲೇಸು ಅಳೆಯುತ್ತಿದ್ದಳು. ನಾನು ಬಿಟ್ಟ ಬಾಯಿ ಬಿಟ್ಟ ಹಾಗೇ ಪಕ್ಕದ ಟೈಲರನ್ನು ಕೇಳಿದೆ. “ಅಜ್ಜಿ ಆಪರೇಷನ್‌ಗೆ ಒಪ್ಕೊಂಡ್ರಲ್ಲ, ನಾಡಿದ್ದು ಆಸ್ಪತ್ರೆಗೆ” ಅಂದ ಅವನು. “ಅಂಗಡಿ ಮೊಮ್ಮಗಳಿಗೇ ಒಪ್ಪಿಸಿದ್ದಾರೆ. ಹೆಡ್ ಮೇಡಂ ಅಷ್ಟು ಜನರ ಮುಂದೆ ಹೇಳಿದ ಮೇಲೆ ಇನ್ನೇನು ಬೇಕು? ಅವರು ಸುಮ್‌ಸುಮ್ನೆ ಒಂದು ಮಾತಾಡೋರಲ್ಲ.”

ಹುಕ್ಕು ತೆಗೆದುಕೊಳ್ಳುವುದನ್ನೂ ಮರೆತು ನೇರ ದೊಡ್ಡ ಟೀಚರ ಮನೆಗೆ ಹೋದೆ. ಅವರು ತಟ್ಟೆಯ ಮುಂದೆ ಕೂತಿದ್ದರು. ಕೇಳುತ್ತಿದ್ದಂತೆ ತಟ್ಟೆ ಆಚೆ ಸರಿಸಿದರು.

“ಬಿಡೇ, ಒಳ್ಳೇದೇ ಆಯ್ತಲ್ಲ” ಅಂದರು ಯಜಮಾನರು. “ಆ ಮುದುಕಿ ಮಂಡಿ ಸರಿಹೋಗುತ್ತೆ. ಹುಡುಗಿಗೂ ಜವಾಬ್ದಾರಿ ಬರುತ್ತೆ. ನೀನು ಹೋಗಿ ಎಲ್ಲ ಕೆಡಿಸಬೇಡ.”

ನಾನೂ ಅದನ್ನೇ ಅಂದೆ. ದೊಡ್ಡ ಟೀಚರ್ ನಮ್ಮಿಬ್ಬರನ್ನೂ ನೋಡಿದರು. “ನೋಡದೇ ಇದ್ದದ್ದನ್ನ ನೋಡಿದೆ ಅಂದಿದ್ದೀನಿ. ಆ ಮಾತಿನ ಮೇಲೆ ಒಬ್ರು ತಮ್ಮ ಬದುಕನ್ನೇ ಇಟ್ಟಿದ್ದಾರೆ. ನಾಳೆ ಅಂಗಡಿ ಹಾಳಾದ್ರೆ ಆಸ್ಪತ್ರೆಯಿಂದ ಎದ್ದು ಬಂದು ಆಯಮ್ಮ ಎಲ್ಲಿಗೆ ಹೋಗಬೇಕು? ಇದು ನಾನು ಹಾಕಿದ ಹೊಲಿಗೆ, ನಾನೇ ಬಿಚ್ಚಬೇಕು” ಅಂದರು. ಎದ್ದು ಕೈ ತೊಳೆದುಕೊಂಡು, “ಆ ಹುಡುಗಿ ಮುಖ ಹೇಗೆ ನೋಡ್ಲಿ? ಒಂದು ಒಳ್ಳೆ ಮಾತು ಕೊಟ್ಟು ಕಿತ್ಕೊಳ್ಳೋದು ಅಂದ್ರೆ...” ಅಂದರು. ನನಗೆ ಅವರ ಮೇಲೆ ಕೋಪವೂ ಬಂತು, ಕನಿಕರವೂ ಬಂತು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಜೊತೆಗೆ ಹೊರಟೆ.

ನಾವು ಹೋದಾಗ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಪಟಾಕಿ ನಮ್ಮನ್ನು ಕಂಡು ಧಡಕ್ಕನೆ ಎದ್ದಳು, ಎದ್ದ ರಭಸಕ್ಕೆ ಗುಂಡಿಯ ಡಬ್ಬಿಯೊಂದು ಉರುಳಿ ನೆಲದ ತುಂಬ ಗುಂಡಿ ಚೆಲ್ಲಿತು. “ಅಜ್ಜಿ ಒಳಗಿದ್ದಾರೆ ಮೇಡಂ” ಅನ್ನುತ್ತಾ ಕೂತು ಆರಿಸತೊಡಗಿದಳು. ಶುರುವಾಯಿತು ಅಂದುಕೊಂಡೆ ನಾನು.

ಅಂಗಡಿಯ ಹಿಂದೆ, ಪರದೆಯಾಚೆ ಒಂದೇ ಕೋಣೆ. ಅಜ್ಜಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಆಸ್ಪತ್ರೆಗೆ ಕಟ್ಟಿಟ್ಟ ಬಟ್ಟೆಯ ಚೀಲ. ಕೂತುಕೊಳ್ಳಿ, ಟೀ ಕುಡೀರಿ ಅಂತ ಉಪಚಾರ ಶುರುವಿಟ್ಟಳು. ದೊಡ್ಡ ಟೀಚರ್ ಕೂರಲಿಲ್ಲ. ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಹೇಳಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿದರು. ಅಜ್ಜಿಗೆ ಕೇಳಿಸಬೇಕಾದ ದನಿ ಅಂದರೆ ಪರದೆಯಾಚೆಗೂ ಕೇಳಿಸುವ ದನಿ. “ಅವತ್ತು ನಾನು ಹೇಳಿದ್ದು ನಿಮ್ಮ ಮೊಮ್ಮಗಳಿಗಲ್ಲ, ಬೇರೆ ಹುಡುಗಿಗೆ. ನನಗೆ ಕಣ್ಣು ಕಾಣಿಸಲಿಲ್ಲ. ತಪ್ಪು ನನ್ನದು, ಮಗುವಿನದಲ್ಲ. ನನ್ನ ಮಾತು ನಂಬಿ ಅಂಗಡಿ ಒಪ್ಪಿಸಬೇಡಿ.” ಇಷ್ಟು ಹೇಳಿ ಮುಗಿಸುವಾಗ ಪರದೆಯಾಚೆ ಗುಂಡಿ ಆರಿಸುವ ಸದ್ದು ನಿಂತುಹೋಗಿತ್ತು.

ಅಜ್ಜಿ, “ಅಯ್ಯೋ, ಇದಕ್ಕಾ ಮೇಡಂ ಈ ಬಿಸಿಲಲ್ಲಿ ಬಂದಿದ್ದು?” ಅಂದಳು. “ಅವಳು ಅವತ್ತೇ ಹೇಳಿದ್ಳು.”

“ಯಾರು?” ಅಂದೆ ನಾನು.

“ಇವಳೇ, ಇನ್ಯಾರು! ನಾನು ಶಾಲೆಯಿಂದ ಬರ್ತಾ ದಾರೀಲಿ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಬಂದೆ. ಹೆಡ್ ಮೇಡಂ ಹೀಗಂದ್ರು, ನನ್ನ ಮೊಮ್ಮಗಳು ಹೀಗೆ ಅಂತ. ಮನೆ ಒಳಗೆ ಬಂದು ಕೂತ್ನೋ ಇಲ್ವೋ, ‘ಅಜ್ಜಿ, ಅದು ನನ್ನ ಮಾತಲ್ಲ, ತಿಜೋರಿದು. ಮೇಡಂ ಅವಳು ಅಂದ್ಕೊಂಡು ನನಗೆ ಹೇಳಿದ್ರು’ ಅಂದ್ಳು. ನನಗೆ ಎಷ್ಟು ಉರೀತು ಅಂದ್ರೆ! ಬದುಕಿನಲ್ಲಿ ಒಂದು ದಿನ ತಲೆ ಎತ್ಕೊಂಡು ಬಂದಿದ್ದೆ, ಅದನ್ನೂ ಇಳಿಸಿಬಿಟ್ಲಲ್ಲ ಅಂತ. ಅವಳನ್ನ ಮಾತಾಡಿಸಲಿಲ್ಲ, ಊಟಾನೂ ಮಾಡಲಿಲ್ಲ.”

ಅಜ್ಜಿ ಮಂಡಿ ನೀವಿಕೊಂಡಳು.

“ಬೆಳಿಗ್ಗೆ ಎದ್ದು ಬಾಗಿಲು ತೆಗೀತಾ ಇದ್ದೆ. ಆಗ ಹೊಳೀತು ಮೇಡಂ. ಆ ಮಾತನ್ನ ಅವಳು ಇಟ್ಕೊಂಡಿದ್ರೆ ನನಗೇನು ಗೊತ್ತಾಗ್ತಿತ್ತು? ನಾನು ಸಾಯೋ ತನಕ ನಂಬ್ಕೊಂಡೇ ಇರ್ತಿದ್ದೆ. ಅದಕ್ಕಿಂತ ಚೆನ್ನಾಗಿರೋದು ಇನ್ನೇನು ಸಿಗಬೇಕಿತ್ತು ಅವಳಿಗೆ? ಆದ್ರೂ ತನ್ನದಲ್ಲ ಅಂತ ಇಟ್ಕೊಳ್ಳಲಿಲ್ಲ. ಅಂಥವಳ ಕೈಗೆ ಅಂಗಡಿ ಕೊಡೋಕೆ ನಾನ್ಯಾಕೆ ಹೆದರಲಿ? ಗುಂಡಿ ಚೆಲ್ತಾಳೆ, ಆರಿಸ್ತಾಳೆ. ಅವತ್ತೇ ಅಂಗಡಿ ಕೀ ಕೊಟ್ಟೆ.”

ದೊಡ್ಡ ಟೀಚರ್ ಆಗ ಕೂತರು. ಮಂಚದ ಅಂಚಿನ ಮೇಲೆ, ಅಜ್ಜಿಯ ಕಾಲ ಹತ್ತಿರ. ಅಳುತ್ತಿದ್ದರು. ಬಚ್ಚಿಡುವ ಪ್ರಯತ್ನವನ್ನೇನೂ ಮಾಡಲಿಲ್ಲ. ನಾನೂ ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಪರದೆ ಸರಿಸಿಕೊಂಡು ಪಟಾಕಿ ಬಂದು ನಿಂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಮೇಡಂ, ನಾನೇ ಬಂದು ಹೇಳಬೇಕು ಅಂತಿದ್ದೆ” ಅಂದಳು. “ನಿಮಗೆ ಬೇಜಾರಾಗುತ್ತೆ ಅಂತ ಬರಲಿಲ್ಲ. ನನ್ನ ಮಾತು ತಿಜೋರಿ ಹತ್ರ ಇದೆ. ಕೇಳಿದ್ರೆ ಕೊಡಲ್ಲ ಅಂತಾಳೆ.” ನಗಿಸಲು ನೋಡಿದಳು, ಆದರೆ ತನಗೇ ನಗು ಬರಲಿಲ್ಲ. “ಪರವಾಗಿಲ್ಲ ಬಿಡಿ ಮೇಡಂ. ಅವಳಿಗೇ ಇರಲಿ. ನನಗೇನೂ ಬೇಡ.”

ದೊಡ್ಡ ಟೀಚರ್ ಅವಳ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಕನ್ನಡಕ ಒರೆಸಿ ಹಾಕಿಕೊಂಡು ಅವಳ ಮುಖವನ್ನೇ ನೋಡಿದರು.

“ನಿನ್ನನ್ನ ನಾನು ಸರಿಯಾಗಿ ನೋಡಿರಲಿಲ್ಲ ಕಣಮ್ಮಾ” ಅಂದರು. “ನಿಮ್ಮಜ್ಜಿ ನೋಡಿದ್ದಾರೆ.”

ಪಟಾಕಿ ಅಜ್ಜಿಯ ಕಡೆ ತಿರುಗಿದಳು. ಎಷ್ಟೋ ಹೊತ್ತಾದರೂ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ.